ದ್ರಾಕ್ಷಿತೋಟಗಳ ನಡುವೆ ನಿಶ್ಶಬ್ದ ಹಾದಿಗಳು



ಫ್ರಾನ್ಸ್ ಮತ್ತು ಸೈಕಲ್ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ‘ಟೂರ್ ದ ಫ್ರಾನ್ಸ್’. 1903ರಲ್ಲಿ ‘ಲೋಟೊ’ ಎಂಬ ಪತ್ರಿಕೆ ತನ್ನ ಪ್ರಸಾರ ಹೆಚ್ಚಿಸಿಕೊಳ್ಳಲು ಆರಂಭಿಸಿದ ಸ್ಪರ್ಧೆ ಅದು. ಬೆವರು, ಬೆಟ್ಟ, ಗಡಿಯಾರ ಇವು ಮೂರೇ ಅದರ ಬಂಡವಾಳ. ಆದರೆ ಅದೇ ದೇಶದಲ್ಲಿ ಇನ್ನೊಂದು ಬಗೆಯ ಸೈಕಲ್ ಸವಾರಿಯೂ ಉಂಟು. ಬ್ಯಾಗಿನಲ್ಲಿ ಒಂದು ಬ್ರೆಡ್ಡು, ಒಂದು ಚೀಸು, ಜೇಬಿನಲ್ಲಿ ಒಂದು ನಕ್ಷೆ ಇಟ್ಟುಕೊಂಡು ದಿನಕ್ಕೆ ನಲವತ್ತೋ ಐವತ್ತೋ ಕಿಲೋಮೀಟರು ಸಾಗುವ ಸವಾರಿ. ದ್ರಾಕ್ಷಿತೋಟದ ನಡುವೆ, ನದಿಯ ಅಂಚಿನಲ್ಲಿ, ಒಂದು ತಾಸಿಗೆ ನಾಲ್ಕೈದು ಕಾರುಗಳೂ ಎದುರಾಗದ ರಸ್ತೆಗಳಲ್ಲಿ ಅದು ನಡೆಯುತ್ತದೆ.

ಇಷ್ಟು ಒಳ್ಳೆಯ ರಸ್ತೆಗಳು ಇಷ್ಟೊಂದು ಖಾಲಿಯಾಗಿರುವುದು ಹೇಗೆ? ಪ್ರವಾಸಿ ಕೈಪಿಡಿಗಳು ಈ ಪ್ರಶ್ನೆಯನ್ನು ಕೇಳುವುದಿಲ್ಲ. ಅವುಗಳ ಪ್ರಕಾರ ಅಲ್ಲಿನ ನಿಶ್ಶಬ್ದ ಪ್ರಕೃತಿಯ ಕೊಡುಗೆ. ಚರಿತ್ರೆ ಹೇಳುವುದು ಬೇರೆ. ಅಲ್ಲಿಯ ಒಂದೊಂದು ಹಾದಿಯೂ ಯಾವುದೋ ದುಡಿಮೆಗಾಗಿ ಹುಟ್ಟಿದ್ದು. ಆ ದುಡಿಮೆ ಎದ್ದುಹೋದ ಮೇಲೆ ಉಳಿದ ಜಾಗದಲ್ಲಿ ಇಂದು ಸೈಕಲ್ ಓಡುತ್ತಿದೆ.

ಮೊದಲು ಡಾಂಬರು ರಸ್ತೆಯ ಮಾತು. 1836ರಲ್ಲಿ ಫ್ರಾನ್ಸ್ ಒಂದು ಕಾನೂನು ಮಾಡಿತು. ಊರಿಂದ ಊರಿಗೆ ಹೋಗುವ ಹಾದಿಗಳನ್ನು ಆಯಾ ಗ್ರಾಮವೇ ಸುಸ್ಥಿತಿಯಲ್ಲಿಡಬೇಕು, ಅದಕ್ಕಾಗಿ ಊರಿನವರು ವರ್ಷಕ್ಕೆ ಮೂರು ದಿನಗಳವರೆಗೆ ಮೈಮುರಿದು ದುಡಿಯಬೇಕು, ಇಲ್ಲವೆ ಅದರ ಬೆಲೆ ಕಟ್ಟಬೇಕು. ಹೀಗೆ ಎತ್ತಿನ ಗಾಡಿ, ಕುದುರೆ ಗಾಡಿಗಳಿಗೆಂದು ದೇಶದ ಮೂಲೆಮೂಲೆಗೂ ರಸ್ತೆ ಹರಡಿತು. ಇಂದಿಗೂ ಅಲ್ಲಿ ಸುಮಾರು 35 ಸಾವಿರ ಗ್ರಾಮ-ಪಟ್ಟಣಗಳ ಪುರಸಭೆಗಳಿವೆ. ಅವನ್ನು ಹೆಣೆಯುವ ರಸ್ತೆಜಾಲ ಸುಮಾರು ಹತ್ತು ಲಕ್ಷ ಕಿಲೋಮೀಟರು. ಜನ ಮಾತ್ರ ಉಳಿಯಲಿಲ್ಲ. ಕಾರ್ಖಾನೆ ಕೆಲಸ ಅವರನ್ನು ನಗರಕ್ಕೆ ಸೆಳೆಯಿತು. 1914-18ರ ಯುದ್ಧ ಸುಮಾರು 14 ಲಕ್ಷ ಸೈನಿಕರನ್ನು ನುಂಗಿತು. ತೀರ ಪುಟ್ಟ ಹಳ್ಳಿಯಲ್ಲೂ ಸತ್ತವರ ಹೆಸರು ಕೆತ್ತಿದ ಕಲ್ಲೊಂದು ನಿಂತಿರುತ್ತದೆ. ಒಂದೇ ಮನೆತನದ ಹೆಸರು ಎರಡು ಮೂರು ಸಲ ಬಂದದ್ದೂ ಕಾಣುತ್ತದೆ. ಆ ಮೇಲೆ ಹೆದ್ದಾರಿಗಳು ಬಂದು ಅವಸರದ ವಾಹನಗಳನ್ನೆಲ್ಲ ತಮ್ಮ ಕಡೆ ಎಳೆದುಕೊಂಡವು. ಹಳ್ಳಿಯ ರಸ್ತೆ ಖಾಲಿಯಾಯಿತು.

ಈ ಖಾಲಿತನ ಸವಾರನಿಗೆ ತಟ್ಟುವುದು ಬಾಯಾರಿದಾಗ. ಎಷ್ಟೋ ಹಳ್ಳಿಗಳಲ್ಲಿ ಅಂಗಡಿ ಮುಚ್ಚಿದೆ, ಬೇಕರಿಯೂ ಇಲ್ಲ. ಅಂಥಲ್ಲಿ ಅನುಭವಸ್ಥರು ನೇರವಾಗಿ ಸ್ಮಶಾನಕ್ಕೆ ಹೋಗುತ್ತಾರೆ. ಗೋರಿಯ ಹೂಗಳಿಗೆ ಹಾಕಲೆಂದು ಅಲ್ಲೊಂದು ನಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ!

ಬರ್ಗಂಡಿ ಪ್ರಾಂತದ ಬೋನ್ ಪಟ್ಟಣದಿಂದ ದಕ್ಷಿಣಕ್ಕೆ ಸಾಂತ್ನೆಯವರೆಗೆ ಸುಮಾರು 20 ಕಿಲೋಮೀಟರು ದ್ರಾಕ್ಷಿತೋಟದೊಳಗೇ ಸಾಗುವ ಸೈಕಲ್ ಹಾದಿಯಿದೆ. ಪೊಮಾರ್, ವೊಲ್ನೆ, ಮರ್ಸೋ ಮುಂತಾಗಿ ಜಗತ್ತಿನ ದುಬಾರಿ ವೈನ್ ಬಾಟಲಿಗಳ ಮೇಲಿರುವ ಹೆಸರುಗಳೆಲ್ಲ ಇಲ್ಲಿ ಊರಿನ ಫಲಕಗಳು. ತೋಟದ ಕೆಲಸಕ್ಕೆಂದೇ ಮಾಡಿದ ಕಿರಿದಾದ ದಾರಿ. ಸಾಲಿನ ಎರಡೂ ಬದಿ ಚಕ್ರವಿಟ್ಟು ಬಳ್ಳಿಯ ಮೇಲೆಯೇ ನಡೆಯುವ ಎತ್ತರದ ಟ್ರ್ಯಾಕ್ಟರು ಎದುರಾದರೆ ಸೈಕಲಿನವರೇ ಪಕ್ಕಕ್ಕೆ ಸರಿಯಬೇಕು.

ಅಲ್ಲಿ ನೂಲು ಹಿಡಿದಂತೆ ಸಾಗಿರುವ ಸಾಲುಗಳನ್ನು ಕಂಡು ಶತಮಾನಗಳ ಹಳೆಯ ದೃಶ್ಯವೆಂದು ಮರುಳಾಗುವವರೇ ಹೆಚ್ಚು. ತೋಟಗಳೇನೋ ಹಳೆಯವು. ಸಿತೋ ಮಠದ ಸನ್ಯಾಸಿಗಳು 12ನೇ ಶತಮಾನದಲ್ಲೇ ಇಲ್ಲಿ ಕೃಷಿಗೆ ನಿಂತಿದ್ದರು. ಆದರೆ ಸಾಲುಗಳು ಒಂದೂವರೆ ಶತಮಾನದಷ್ಟೂ ಹಳೆಯವಲ್ಲ. ಹಿಂದೆ ಬಳ್ಳಿಯ ರೆಂಬೆಯನ್ನು ಬಗ್ಗಿಸಿ ಮಣ್ಣಿನಲ್ಲಿ ಹೂತು ಹೊಸ ಗಿಡ ಎಬ್ಬಿಸುತ್ತಿದ್ದರು. ಹೀಗಾಗಿ ತೋಟವೆಂದರೆ ಸಂತೆಯ ಗುಂಪಿನಂತೆ ಅಡ್ಡಾದಿಡ್ಡಿ ನಿಂತ ಬಳ್ಳಿಗಳು. ಅವುಗಳ ನಡುವೆ ಗುದ್ದಲಿ ಹಿಡಿದ ಮನುಷ್ಯನಲ್ಲದೆ ಇನ್ನೇನೂ ನುಸುಳುವಂತಿರಲಿಲ್ಲ. 1860ರ ದಶಕದಲ್ಲಿ ಅಮೆರಿಕದಿಂದ ಫಿಲಾಕ್ಸೆರಾ ಎಂಬ ತೀರ ಚಿಕ್ಕ ಹೇನು ಬಂತು. ಬೇರಿನ ರಸ ಹೀರಿ ಬಳ್ಳಿಯನ್ನು ಒಣಗಿಸುವ ಕೀಟ ಅದು. 1878ರಲ್ಲಿ ಮರ್ಸೋ ಊರಿನಲ್ಲಿ ಅದು ಪತ್ತೆಯಾಯಿತು. ಕೊನೆಗೆ ದೊರೆತ ಪರಿಹಾರ, ರೋಗ ತಂದ ಅಮೆರಿಕದ್ದೇ ಬೇರಿನ ಮೇಲೆ ಫ್ರೆಂಚ್ ಬಳ್ಳಿಯನ್ನು ಕಸಿ ಕಟ್ಟುವುದು. ಕಸಿ ಗಿಡವನ್ನು ಹಳೆಯಂತೆ ಮಣ್ಣಿನಲ್ಲಿ ಹೂತರೆ ಅದು ತನ್ನದೇ ಬೇರು ಬಿಟ್ಟು ಮತ್ತೆ ಕೀಟಕ್ಕೆ ತುತ್ತಾಗುತ್ತದೆ. ಆದ್ದರಿಂದ ಬುಡದಿಂದ ಕಿತ್ತು ಸಾಲಾಗಿ ನೆಟ್ಟರು. ಸಾಲಿನ ನಡುವೆ ಕುದುರೆ ನೇಗಿಲು ಬಂತು, ಗುದ್ದಲಿಯವರಿಗೆ ಕೆಲಸ ತಪ್ಪಿತು. ಪ್ರವಾಸಿಗಳು ಫೋಟೋ ತೆಗೆಯುವ ಅಂದ ಒಂದು ಮಹಾಮಾರಿಯ ಗುರುತು.

ಬೋನ್ ಪಟ್ಟಣದ ದಕ್ಷಿಣಕ್ಕೆ, ಜಿವ್ರಿಯಿಂದ ಕ್ಲೂನಿಯವರೆಗಿನ 44 ಕಿಲೋಮೀಟರು ಹಾದಿಯದು ಬೇರೆ ಕಥೆ. 1879ರ ಹೊತ್ತಿಗೆ ಲೋಕೋಪಯೋಗಿ ಮಂತ್ರಿಯಾಗಿದ್ದ ಶಾರ್ಲ್ ದ ಫ್ರೇಸಿನೆ, ಪ್ರತಿ ಉಪವಿಭಾಗದ ಮುಖ್ಯಪಟ್ಟಣಕ್ಕೂ ರೈಲು ಮುಟ್ಟಿಸಬೇಕೆಂದು ಯೋಜನೆ ಹಾಕಿದರು. ದೇಶದ ತುಂಬ ಚಿಕ್ಕಪುಟ್ಟ ಹಳಿಗಳು ಬಿದ್ದವು. ಲಾರಿ, ಬಸ್ಸು, ಕಾರು ಬಂದ ಮೇಲೆ 20ನೇ ಶತಮಾನದಲ್ಲಿ ಅವು ಒಂದೊಂದಾಗಿ ಮುಚ್ಚಿದವು. ಕ್ಲೂನಿಯ ಕಡೆಗಿದ್ದ ಮಾರ್ಗಕ್ಕೂ ಅದೇ ಗತಿಯಾಯಿತು. 1997ರಲ್ಲಿ ಹಳಿ ಕಿತ್ತ ಜಾಗಕ್ಕೆ ನಯವಾದ ಡಾಂಬರು ಹಾಕಿ ನಡೆಯುವವರಿಗೆ, ಸೈಕಲಿಗರಿಗೆ ಬಿಟ್ಟರು. ಫ್ರಾನ್ಸಿನ ಮೊದಲ ‘ವ್ವಾ ವೆರ್ತ್’, ಅಂದರೆ ಹಸಿರು ಹಾದಿ, ಇದು. ರೈಲಿಗೆ ಕಡಿದಾದ ಏರು ಆಗದಾದ್ದರಿಂದ ಇಲ್ಲಿ ದಮ್ಮು ಕಟ್ಟುವ ದಿಣ್ಣೆಗಳಿಲ್ಲ. ಅಜ್ಜಿಯೂ ಮೊಮ್ಮಗುವೂ ಸಲೀಸಾಗಿ ಹೋಗಬಹುದು. ಕ್ಲೂನಿಯಿಂದ ಮುಂದಕ್ಕೆ ಮಾಕೋ ಕಡೆಗೆ ಹೋದರೆ ಸುಮಾರು 1,600 ಮೀಟರು ಉದ್ದದ ಹಳೆಯ ರೈಲು ಸುರಂಗ ಸಿಗುತ್ತದೆ. ಚಳಿಗಾಲದಲ್ಲಿ ಅದರ ಬಾಗಿಲು ಹಾಕುತ್ತಾರೆ. ಆ ತಿಂಗಳುಗಳು ಅಲ್ಲಿ ನಿದ್ದೆ ಹೋಗುವ ಬಾವಲಿಗಳಿಗೆ ಮೀಸಲು.

ಹಾದಿಯಷ್ಟೇ ಇದ್ದರೆ ಸಾಲದು, ನಿಧಾನವಾಗಿ ಹೋಗಬೇಕೆಂಬ ಮನಸ್ಸೂ ಹುಟ್ಟಬೇಕು. ಸೇಂತ್ ಏತಿಯೆನ್ ಊರಿನ ರೇಷ್ಮೆ ವ್ಯಾಪಾರಿ ಪೌಲ್ ದ ವಿವಿ (1853-1930) ವ್ಯಾಪಾರ ಬಿಟ್ಟು ಸೈಕಲ್ ಅಂಗಡಿ ತೆರೆದರು, 1887ರಲ್ಲಿ ಪತ್ರಿಕೆ ಹೊರಡಿಸಿದರು, ‘ವೆಲೋಸಿಯೊ’ ಎಂಬ ಹೆಸರಿನಿಂದ ಪ್ರಸಿದ್ಧರಾದರು. ದೂರದ ಸವಾರಿಗೆ, ಏರು ಹತ್ತಲು ಗೇರು ಬೇಕೇ ಬೇಕೆಂದು ಅವರು ಬರೆದದ್ದೇ ಬರೆದದ್ದು. ‘ಟೂರ್ ದ ಫ್ರಾನ್ಸ್’ ಸ್ಪರ್ಧಾಳುಗಳಿಗೆ ಗೇರು ಬದಲಿಸುವ ಈ ಸಾಧನ ಬಳಸಲು ಅನುಮತಿ ಸಿಕ್ಕಿದ್ದು 1937ರಲ್ಲಿ. ಅದಕ್ಕೂ ಮುಂಚೆಯೇ ಸಾಮಾನ್ಯ ಪ್ರವಾಸಿಗಳು ಅದನ್ನು ಬಳಸುತ್ತಿದ್ದರು. 1936ರಲ್ಲಿ ಎಡಪಂಥೀಯ ‘ಜನತಾರಂಗ’ ಸರ್ಕಾರ ಕಾರ್ಮಿಕರಿಗೆ ಎರಡು ವಾರಗಳ ಸಂಬಳಸಹಿತ ರಜೆ ಕೊಟ್ಟಿತು. ಬದುಕಿನಲ್ಲಿ ಮೊದಲ ಸಲ ಊರು ನೋಡಲು ಹೊರಟ ಎಷ್ಟೋ ಗಂಡಹೆಂಡಿರು ಇಬ್ಬರೂ ಪೆಡಲ್ ತುಳಿಯುವ ಸೈಕಲ್ ಏರಿದರು. ಹಳ್ಳಿಯಿಂದ ಕಾರ್ಖಾನೆಗೆ ಹೋದವರ ಮಕ್ಕಳು ಅದೇ ಹಳ್ಳಿಯ ರಸ್ತೆಗೆ ಅತಿಥಿಗಳಾಗಿ ಮರಳಿದಂತಾಯಿತು.

ಇನ್ನು ನದಿ. ಸಾವಿರ ಕಿಲೋಮೀಟರಿಗೂ ತುಸು ಹೆಚ್ಚು ಹರಿಯುವ ಲ್ವಾರ್, ಫ್ರಾನ್ಸಿನ ಅತಿ ಉದ್ದದ ನದಿ. ನೆವೆರ್ ಪಟ್ಟಣದ ಬಳಿಯಿಂದ ಅಟ್ಲಾಂಟಿಕ್ ಸಾಗರದವರೆಗೆ ಅದರ ಜೊತೆಗೆ ಸುಮಾರು 900 ಕಿಲೋಮೀಟರು ಸೈಕಲ್ ಮಾರ್ಗವಿದೆ. ನೀರಿನ ಜೊತೆ ಇಳಿಯುವುದರಿಂದ ಸುಲಭವೆಂದು ಹೊರಟವರಿಗೆ ಪಶ್ಚಿಮದ ಗಾಳಿ ಎದೆಗೆ ಬಡಿದು ಬುದ್ಧಿ ಕಲಿಸುತ್ತದೆ. ಹಾದಿ ಅಲ್ಲಲ್ಲಿ ಕೆರೆ ಏರಿಯಂಥ ಒಡ್ಡಿನ ಮೇಲೆ ಸಾಗುತ್ತದೆ. ಪ್ರವಾಹ ತಡೆಯಲು 12ನೇ ಶತಮಾನದಿಂದಲೂ ಕಟ್ಟುತ್ತ, ಎತ್ತರಿಸುತ್ತ ಬಂದ ಒಡ್ಡುಗಳು ಇವು. ಆದರೂ 1846, 1856, 1866ರಲ್ಲಿ ನದಿ ಅವನ್ನು ಒಡೆದು ನುಗ್ಗಿತು. ಒಡ್ಡಿನ ಮೇಲಿನ ರಸ್ತೆಗಳೆಲ್ಲ ಶಾಂತವೆಂದು ತಿಳಿಯಬಾರದು. ತೂರ್ ಮತ್ತು ಸೊಮ್ಯೂರ್ ನಡುವಿನ ಉತ್ತರ ದಂಡೆಯಲ್ಲಿ ವಾಹನಗಳ ಭರಾಟೆ ಇದೆ. ಸೈಕಲಿನವರಿಗೆ ದಕ್ಷಿಣ ದಂಡೆಯೇ ಲೇಸು.

ಈ ನದಿಯಲ್ಲಿ ಒಂದು ಕಾಲಕ್ಕೆ ವೈನ್, ಉಪ್ಪು, ಕಲ್ಲು ಹೊತ್ತ ದೋಣಿಗಳು ಸಂದಣಿಯಾಗಿ ಓಡಾಡುತ್ತಿದ್ದವು. ರೈಲು 1843ರಲ್ಲಿ ಓರ್ಲೆಯಾಂಗೆ, 1846ರಲ್ಲಿ ತೂರ್‌ಗೆ, 1851ರಲ್ಲಿ ನಾಂತ್‌ಗೆ ಬಂತು. ದೋಣಿಯವರ ಬಾಳು ಅಲ್ಲಿಗೆ ಮುಗಿಯಿತು. ಸೊಮ್ಯೂರ್ ಹತ್ತಿರದ ಬೆಳ್ಳನೆಯ ಮೆದು ಸುಣ್ಣಕಲ್ಲಿನ ಗುಡ್ಡಗಳನ್ನು ಅಗೆದು ಅರಮನೆ ಕಟ್ಟಿದರು. ಕಲ್ಲು ತೆಗೆದ ಗವಿಗಳಲ್ಲಿ ಜನ ಮನೆ ಮಾಡಿದರು, ವೈನ್ ಇಟ್ಟರು, ಅಣಬೆ ಬೆಳೆದರು. ಅಲ್ಲಿಂದ ಸ್ವಲ್ಪವೇ ಮೇಲೆ, ಅದೇ ನದಿಯ ನೀರಿನಿಂದ ತಂಪಾಗುವ ಅಣುವಿದ್ಯುತ್ ಸ್ಥಾವರವಿದೆ. ಭಿತ್ತಿಚಿತ್ರಗಳಲ್ಲಿ ಅದನ್ನು ಯಾರೂ ತೋರಿಸುವುದಿಲ್ಲ.

ದಕ್ಷಿಣದ ಮಿದಿ ಕಾಲುವೆಯಲ್ಲಿ ಈ ನಿಶ್ಶಬ್ದಕ್ಕೇ ಗಂಡಾಂತರ ಬಂದಿದೆ. ಪಿಯೆರ್ ಪೌಲ್ ರಿಕೆ 1666ರಿಂದ ತೋಡಿಸಿದ 240 ಕಿಲೋಮೀಟರಿನ ಕಾಲುವೆ ಇದು. ಅದು ತೆರೆದದ್ದು 1681ರಲ್ಲಿ, ರಿಕೆ ತೀರಿಕೊಂಡ ಮರುವರ್ಷ. ದೋಣಿ ಎಳೆಯುವ ಕುದುರೆಗಳು ನಡೆದ ದಂಡೆಯೇ ಇಂದಿನ ಸೈಕಲ್ ಹಾದಿ. ಅದರ ಚೆಲುವೆಲ್ಲ ಎರಡೂ ದಡಗಳ ಪ್ಲೇನ್ ಮರಗಳ ಚಪ್ಪರದಲ್ಲಿತ್ತು. ಮರಗಳನ್ನು ಒಳಗಿನಿಂದ ಕೊಲ್ಲುವ ಶಿಲೀಂಧ್ರ ರೋಗವೊಂದು 2006ರಲ್ಲಿ ಅಲ್ಲಿ ಕಾಣಿಸಿಕೊಂಡಿತು. ಒಟ್ಟು 42 ಸಾವಿರ ಮರಗಳ ಪೈಕಿ ಈಗಾಗಲೇ ಹತ್ತಾರು ಸಾವಿರ ಉರುಳಿವೆ. ಔಷಧಿ ಇಲ್ಲ. ಕಡಿದು ಅಲ್ಲೇ ಸುಡುವುದೊಂದೇ ದಾರಿ. ಈ ಸಲ ಒಂದೇ ಜಾತಿಯ ಮರವನ್ನು ನಂಬದೆ ರೋಗ ತಾಳುವ ಪ್ಲೇನ್ ತಳಿಯ ಜೊತೆಗೆ ಬೇರೆ ಬೇರೆ ಜಾತಿಯ ಸಸಿಗಳನ್ನೂ ನೆಡುತ್ತಿದ್ದಾರೆ. ಅವು ನೆರಳು ಕೊಡುವಷ್ಟು ಬೆಳೆಯುವವರೆಗೆ, ಮರ ಬಿದ್ದ ಕಡೆಗಳಲ್ಲಿ ಜುಲೈ ತಿಂಗಳ ಸವಾರರು ಬೆಳಗಿನ ತಂಪಿನಲ್ಲೇ ಹೊರಡಬೇಕಾಗುತ್ತದೆ.