1943ರ ಡೆನ್ಮಾರ್ಕ್ ಮತ್ತು ಪಕ್ಕದ ಮನೆಯವರು
(ಮಾರಿಸ್‌ವಿಲ್‌ನ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)



ಡೆನ್ಮಾರ್ಕ್ ಅಂದ ಕೂಡಲೇ ನಿಮ್ಮಲ್ಲಿ ಹಲವರಿಗೆ ಕ್ಲೇಟನ್‌ನ ನೋವೋ ನಾರ್ಡಿಸ್ಕ್ ಕಾರ್ಖಾನೆ ನೆನಪಾಗಬಹುದು, ಮಕ್ಕಳಿಗೆ ಲೆಗೋ. ನಾನು ಹೇಳೋಕೆ ಹೊರಟಿರೋದು ಎರಡನೇ ಮಹಾಯುದ್ಧದ ಡೆನ್ಮಾರ್ಕ್ ಕಥೆ.

1940ರ ಏಪ್ರಿಲ್ 9ರ ಬೆಳಗಿನ ಜಾವ ಜರ್ಮನ್ ಸೇನೆ ಒಳನುಗ್ಗಿತು. ಕೆಲವೇ ಗಂಟೆಗಳಲ್ಲಿ ಸರ್ಕಾರ ಶರಣಾಯಿತು. ರಾಜ, ಪಾರ್ಲಿಮೆಂಟು, ಪೊಲೀಸು, ಕೋರ್ಟು ಎಲ್ಲ ಹಾಗೇ ಉಳಿದವು. ಅದಕ್ಕೆ ಪ್ರತಿಯಾಗಿ ಜರ್ಮನಿಯ ಜೊತೆ ಸಹಕರಿಸಬೇಕಾಯಿತು. ಇದು ಜಾಣತನವೋ ಹೇಡಿತನವೋ ಅನ್ನೋ ವಾದ ಅಲ್ಲಿ ಇನ್ನೂ ಮುಗಿದಿಲ್ಲ. 2003ರಲ್ಲಿ ಪ್ರಧಾನಿ ರಾಸ್ಮುಸೆನ್ ಅವರೇ ಆ ನೀತಿಯನ್ನು ಬಹಿರಂಗವಾಗಿ ಟೀಕಿಸಿದರು.

1943ರ ಮಾರ್ಚ್‌ನಲ್ಲಿ, ಜರ್ಮನ್ ಸೈನಿಕರು ಬೀದಿಯಲ್ಲಿರುವಾಗಲೇ, ಅಲ್ಲಿ ಚುನಾವಣೆ ನಡೆಯಿತು. ನೂರಕ್ಕೆ 89ಕ್ಕೂ ಹೆಚ್ಚು ಜನ ಓಟು ಹಾಕಿದರು. ನಾಜಿ ಪಕ್ಷಕ್ಕೆ ಸಿಕ್ಕಿದ್ದು ಮೂರೇ ಸೀಟು. ಅದೇ ಮಾರ್ಚ್‌ನಲ್ಲಿ ನಮ್ಮ ಬೆಂಗಳೂರು ಜೈಲಿನಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರಿನ ಐವರನ್ನು ಗಲ್ಲಿಗೇರಿಸಿದರು. 1942ರಲ್ಲಿ 'ನಮ್ಮೂರಿಗೆ ನಮ್ಮದೇ ಸರ್ಕಾರ' ಅಂತ ಸಾರಿದ ಊರು ಅದು. ಒಂದು ಕಡೆ ಬಗ್ಗಿ ಉಳಿದುಕೊಂಡ ದೇಶ, ಇನ್ನೊಂದು ಕಡೆ ಎದ್ದು ನಿಂತು ಬೆಲೆ ತೆತ್ತ ಹಳ್ಳಿ.

ಆದರೆ ಬಗ್ಗೋದಕ್ಕೂ ಒಂದು ಮಿತಿ ಇರುತ್ತೆ, ನೋಡಿ. ಆಗಸ್ಟ್‌ನಲ್ಲಿ ಮುಷ್ಕರಗಳು ಹಬ್ಬಿದವು. ವಿಧ್ವಂಸಕ ಕೃತ್ಯಕ್ಕೆ ಮರಣದಂಡನೆ ಕೊಡಿ ಅಂತ ಜರ್ಮನರು ಪಟ್ಟು ಹಿಡಿದರು. ಸರ್ಕಾರ ಒಪ್ಪಲಿಲ್ಲ. ಆಗಸ್ಟ್ 29ಕ್ಕೆ ಸಹಕಾರ ಮುರಿದುಬಿತ್ತು.

ಮುಂದಿನ ಸರದಿ ಯಹೂದಿಗಳದ್ದು. ಅವರನ್ನು ಹಿಡಿಯುವ ಸುದ್ದಿಯನ್ನು ಮೊದಲೇ ತಿಳಿಸಿದವರು ಒಬ್ಬ ಜರ್ಮನ್ ಅಧಿಕಾರಿ, ಡುಕ್ವಿಟ್ಸ್. ಸೆಪ್ಟೆಂಬರ್ 29ರ ಬೆಳಿಗ್ಗೆ ರಬ್ಬಿ ಮೆಲ್ಕಿಯೋರ್ ಪ್ರಾರ್ಥನಾ ಮಂದಿರದಲ್ಲೇ ಎಲ್ಲರಿಗೂ ಎಚ್ಚರಿಕೆ ಕೊಟ್ಟರು. ಅಕ್ಟೋಬರ್ 1ರ ರಾತ್ರಿ ಪೊಲೀಸರು ಬಾಗಿಲು ಬಡಿದಾಗ ಹೆಚ್ಚಿನ ಮನೆಗಳು ಖಾಲಿ. ಜನ ಪಕ್ಕದ ಮನೆಗಳಲ್ಲಿ, ಚರ್ಚುಗಳಲ್ಲಿ, ಆಸ್ಪತ್ರೆಗಳಲ್ಲಿ ಅಡಗಿದ್ದರು. ಆಮೇಲೆ ಮೀನುಗಾರರ ದೋಣಿಗಳಲ್ಲಿ 7,000ಕ್ಕೂ ಹೆಚ್ಚು ಮಂದಿ ಸ್ವೀಡನ್ ಸೇರಿದರು. ಸಿಕ್ಕಿಬಿದ್ದ ಸುಮಾರು 470 ಜನರನ್ನು ಥೆರೆಸಿಯನ್‌ಸ್ಟಾಟ್ ಶಿಬಿರಕ್ಕೆ ಸಾಗಿಸಿದರು.

ರಾಜ ತಾನೇ ಹಳದಿ ನಕ್ಷತ್ರ ಧರಿಸಿದ ಅಂತ ಒಂದು ಕಥೆ ಇದೆ. ಅದು ನಿಜವಲ್ಲ, ಅಲ್ಲಿ ಆ ನಕ್ಷತ್ರದ ಆಜ್ಞೆಯೇ ಬರಲಿಲ್ಲ. ಎಲ್ಲ ದೋಣಿಯವರೂ ಪುಕ್ಕಟೆ ದಾಟಿಸಲಿಲ್ಲ, ತುಂಬಾ ಜನ ದುಡ್ಡು ತಗೊಂಡರು. ಇಲ್ಲದವರ ಪಾಲಿನದನ್ನು ಊರಿನವರು ಕೂಡಿಸಿ ಕೊಟ್ಟರು. ದೇವತೆಗಳಲ್ಲ, ನಮ್ಮ ಹಾಗೆ ಸಾಮಾನ್ಯ ಜನ. ನನಗೆ ಈ ಕಥೆ ಇಷ್ಟವಾಗೋದೇ ಅದಕ್ಕೆ. ಆಚೆ ದಡದಲ್ಲಿ ಸ್ವೀಡನ್ ಬಾಗಿಲು ತೆಗೆಯದಿದ್ದರೆ ಈ ಧೈರ್ಯವೆಲ್ಲ ನೀರಿನ ಪಾಲಾಗುತ್ತಿತ್ತು ಅನ್ನೋದನ್ನೂ ಮರೆಯಬಾರದು.

1945ರಲ್ಲಿ ವಾಪಸ್ ಬಂದಾಗ ಅನೇಕರ ಮನೆಗಳನ್ನು ನೆರೆಯವರು ಜೋಪಾನವಾಗಿ ನೋಡಿಕೊಂಡಿದ್ದರು.

ನಾವಿಲ್ಲಿ ವೀಸಾ, ಗ್ರೀನ್ ಕಾರ್ಡ್ ಅಂತ ಕಾಯುತ್ತಾ ಬದುಕುವವರು. ನಮ್ಮ ಕೂಟ ನಮಗೆ ಬೇಕು, ಬಿಡೋದು ಬೇಡ. ಆದರೆ ಕಷ್ಟ ಬಂದ ರಾತ್ರಿ ಮೊದಲು ತಟ್ಟೋದು ಪಕ್ಕದ ಮನೆಯ ಬಾಗಿಲನ್ನೇ. ಆ ಮನೆಯವರ ಹೆಸರು ನಮಗೆ ಗೊತ್ತಿರಲಿ, ನಮ್ಮ ಹೆಸರು ಅವರಿಗೂ ಗೊತ್ತಿರಲಿ. ಅವರು ತಟ್ಟಿದರೆ ನಮ್ಮ ಬಾಗಿಲೂ ತೆರೆಯಲಿ.