ಅಂಚಿನ ಗೆರೆ
ಧಾರವಾಡದ ವಿಶ್ವವಿದ್ಯಾಲಯದ ಗುಡ್ಡದಿಂದ ಪೆಡಲು ತುಳಿಯದೆಯೇ ಸೈಕಲ್ಲನ್ನು ಕೆಳಕ್ಕೆ ಹರಿಯಬಿಟ್ಟು ಬೆಳೆದ ನನಗೆ, ಇಳಿಯುವುದರಲ್ಲಿ ಕಲಿಯಬೇಕಾದುದೇನಿದೆ ಎಂಬ ಅಹಂಕಾರವಿತ್ತಷ್ಟೆ; ಅದು, ಸಮುದ್ರಮಟ್ಟದಿಂದ ಸುಮಾರು 2,650 ಮೀಟರ್ ಎತ್ತರದ ಗುಲ್ಮಾರ್ಗದ ಹಿಮದಲ್ಲಿ ಹೊಸದೊಂದು ಸ್ನೋಬೋರ್ಡಿನ ಮೇಲೆ ನಿಂತು ಹತ್ತು ಮಾರು ಸಾಗುವುದರೊಳಗೆ, ಕರಗಿಹೋಯಿತು.

ಕೇಳುಗರೇ, ಅಡಕೆಯ ಹಾಳೆಯ ಮೇಲೆ ಜಾರುವ ಮಲೆನಾಡಿನ ಮಕ್ಕಳನ್ನು ಕಂಡವರಿಗೆ ಈ ಕ್ರೀಡೆ ತೀರ ಅಪರಿಚಿತವೇನಲ್ಲ; 1965ರಲ್ಲಿ ಅಮೆರಿಕದ ಮಿಷಿಗನ್ನಿನಲ್ಲಿ ಶರ್ಮನ್ ಪಾಪೆನ್ ಎಂಬ ತಂದೆಯು ತನ್ನ ಹೆಣ್ಣುಮಕ್ಕಳಿಗಾಗಿ ಎರಡು ಸ್ಕೀಗಳನ್ನು ಜೋಡಿಸಿ ಕಟ್ಟಿಕೊಟ್ಟ ಆಟಿಕೆಯೇ ಅಲ್ಲವೆ, ಬೆಳೆಬೆಳೆದು 1998ರಲ್ಲಿ ನಾಗಾನೊ ಒಲಿಂಪಿಕ್ಸನ್ನು ಮುಟ್ಟಿದ್ದು!

ನನ್ನ ಹಲಗೆಯಾದರೋ ತಿರುವುಗಳನ್ನು ಕೊರೆಯುವುದಕ್ಕೆಂದೇ ನಿರ್ಮಿತವಾದುದು: ನಡುವಿನಲ್ಲಿ ಸೊಂಟದಂತೆ ಕಿರಿದಾಗಿ, ಉಭಯ ತುದಿಗಳಲ್ಲಿಯೂ ವಿಸ್ತಾರವಾಗಿರುವ ಅದರ ಉಕ್ಕಿನ ಅಂಚನ್ನು ಹಿಮಕ್ಕೆ ಒರಗಿಸಿದೊಡನೆಯೇ, ಹಲಗೆಯು ಬಿಲ್ಲಿನಂತೆ ಬಾಗಿ, ಅಂಚಿನ ವಕ್ರರೇಖೆಯೇ ಪಥವಾಗಿ ಪರಿಣಮಿಸಿ, ಅಡ್ಡಲಾಗಿ ಜಾರದೆ, ನೇಗಿಲ ಸಾಲಿಗಿಂತಲೂ ಸೂಕ್ಷ್ಮವಾದ ಗೆರೆಯೊಂದನ್ನು ಕೊರೆಯುತ್ತ ಸಾಗುತ್ತದೆ. ಭಯಪಟ್ಟು ಹಿಂದಕ್ಕೆ ವಾಲಿದೆನೋ, ಬಿದ್ದೆ. ನಂಬಿ ಓರೆಯಾದೆನೋ, ಅದು ತಾನಾಗಿ ತಿರುಗಿತು. (ಬಿದ್ದುದರ ಲೆಕ್ಕ ಆಕಾಶವಾಣಿಯಲ್ಲಿ ಹೇಳುವಂಥದಲ್ಲ.) ಸಂಜೆ ಹಿಂದಿರುಗಿ ನೋಡಿದಾಗ, ನನ್ನವೇ ಆದ ಸೊಟ್ಟ ಗೀಟುಗಳ ನಡುವೆ ಒಂದೇ ಒಂದು ಗೆರೆ ನಿರ್ಮಲವಾಗಿ ಬಾಗಿತ್ತು, ಅದರ ಮೇಲೆ ಆಗಲೇ ಹೊಸ ಹಿಮ ಬೀಳತೊಡಗಿತ್ತು.