ವಾಲ್ವಿನ ದನಿ: ಹಳೆಯ ಗಿಟಾರ್ ಆಂಪ್, ಹೊಸ ಗಿಟಾರ್ ಆಂಪ್

ವಾಲ್ವ್ ರೇಡಿಯೋ ಇದ್ದ ಮನೆಯಲ್ಲಿ ಬೆಳೆದವರಿಗೆ ಒಂದು ಸಂಗತಿ ನೆನಪಿರುತ್ತದೆ. ಸ್ವಿಚ್ ಹಾಕಿದ ಕೂಡಲೇ ವಾರ್ತೆ ಕೇಳಿಸುತ್ತಿರಲಿಲ್ಲ. ಡಯಲ್ಲಿನ ದೀಪ ಹೊತ್ತಿಕೊಂಡು, ಒಳಗಿನ ಗಾಜಿನ ಬುರುಡೆಗಳು ಕಾದ ಮೇಲೆ ದನಿ ಮೆಲ್ಲಗೆ ಏರಿ ಬರುತ್ತಿತ್ತು. ಆ ಬುರುಡೆಗಳೇ ವಾಲ್ವ್‌ಗಳು. ಅಂಥ ರೇಡಿಯೋಗಳಲ್ಲಿ ಸ್ಪೀಕರನ್ನು ನಡೆಸುತ್ತಿದ್ದ ವಾಲ್ವ್‌ಗಳಲ್ಲಿ ಇಎಲ್ 84 ಎಂಬುದು ಹೆಸರಾದದ್ದು. ಬೀಟಲ್ಸ್ ತಂಡದವರು ಬಳಸಿದ ವಾಕ್ಸ್ ಎಸಿ 30 ಎಂಬ ಇಂಗ್ಲೆಂಡಿನ ಗಿಟಾರ್ ಆಂಪ್ಲಿಫೈಯರಿನಲ್ಲಿ ಕೆಲಸ ಮಾಡುವುದೂ ಅದೇ ಇಎಲ್ 84, ಒಟ್ಟು ನಾಲ್ಕು. ನಮ್ಮ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1961ರಲ್ಲಿ ರೇಡಿಯೋ ವಾಲ್ವ್‌ಗಳ ತಯಾರಿಕೆಗೆ ಕೈಹಾಕಿತು. ಬಿಇಎಲ್ ಮುದ್ರೆಯ ಇಎಲ್ 84ಗಳನ್ನು ಹೊರದೇಶದ ಗಿಟಾರ್ ವಾದಕರು ಇಂದಿಗೂ ಹುಡುಕಿ ಕೊಳ್ಳುತ್ತಾರೆ.

1947ರಲ್ಲಿ ವಾಲ್ವಿನ ಕೆಲಸವನ್ನೇ ಮಾಡಬಲ್ಲ ಟ್ರಾನ್ಸಿಸ್ಟರ್ ಹುಟ್ಟಿತು. ಮುಂದಿನ ಮೂರು ದಶಕಗಳಲ್ಲಿ ರೇಡಿಯೋ, ಟಿವಿ, ಕಂಪ್ಯೂಟರ್ ಎಲ್ಲವೂ ವಾಲ್ವನ್ನು ಕೈಬಿಟ್ಟವು. ಎಲೆಕ್ಟ್ರಿಕ್ ಗಿಟಾರಿನವರು ಬಿಡಲಿಲ್ಲ. ಅಮೆರಿಕದ ಫೆಂಡರ್ ಕಂಪನಿ 1966ರಲ್ಲಿ ಟ್ರಾನ್ಸಿಸ್ಟರ್ ಆಂಪ್‌ಗಳನ್ನು ಮಾರುಕಟ್ಟೆಗೆ ತಂದಾಗ ಅವನ್ನು ಕೊಳ್ಳುವವರು ಸಿಗದೆ ಕೆಲವೇ ವರ್ಷಗಳಲ್ಲಿ ಆ ಸಾಲು ನಿಂತೇಹೋಯಿತು. ವಾಲ್ವ್ ಆಂಪ್‌ಗಳಾದರೋ ಇವತ್ತಿಗೂ ತಯಾರಾಗುತ್ತಿವೆ. ಹಾಗಿದ್ದರೂ 1950–60ರ ದಶಕದ ಒಂದು ಹಳೆಯ ಆಂಪಿಗೆ, ಅದೇ ಹೆಸರಿನ ಹೊಸ ಆಂಪಿಗಿಂತ ಎಷ್ಟೋ ಪಟ್ಟು ಹೆಚ್ಚು ಬೆಲೆ. ಹಳೆಯದರ ನಾದ ಹೊಸದರಲ್ಲಿ ಬರುವುದಿಲ್ಲ ಎಂಬುದು ಅದಕ್ಕೆ ಕೊಡುವ ಕಾರಣ. ಆ ಮಾತು ಎಷ್ಟು ನಿಜ ಎಂಬುದನ್ನು ಇವತ್ತು ನೋಡೋಣ.

ಮೊದಲು ವಾಲ್ವಿನ ಒಳಗೆ ಏನು ನಡೆಯುತ್ತದೆಂದು ತಿಳಿಯಬೇಕು. ಗಾಳಿ ತೆಗೆದ ಗಾಜಿನ ಬುರುಡೆಯೊಳಗೆ ಒಂದು ಲೋಹದ ಕೊಳವೆ ಕಾಯುತ್ತದೆ. ಕಾದ ಲೋಹದಿಂದ ಎಲೆಕ್ಟ್ರಾನುಗಳು ಹೊರಬಿದ್ದು, ಎದುರಿಗೆ ನೂರಾರು ವೋಲ್ಟಿನ ಸೆಳೆತವಿರುವ ತಗಡಿನ ಕಡೆಗೆ ಹರಿಯುತ್ತವೆ. ನಡುವೆ ತೆಳ್ಳನೆಯ ತಂತಿಯ ಜಾಲರಿ, ಅಂದರೆ ಗ್ರಿಡ್. ಗಿಟಾರಿನ ಪಿಕಪ್‌ನಿಂದ ಬರುವ ಪುಟ್ಟ ಸಂಕೇತವನ್ನು ಆ ಗ್ರಿಡ್ಡಿಗೆ ಕೊಟ್ಟರೆ, ಅದರ ಸಣ್ಣ ಏರಿಳಿತಕ್ಕೆ ತಕ್ಕಂತೆ ದೊಡ್ಡ ಹರಿವು ಏರಿಳಿಯುತ್ತದೆ. ಸಂಕೇತ ದೊಡ್ಡದಾಗುವುದು ಹೀಗೆ.

ವಾಲ್ವಿಗೆ ಒಂದು ಮಿತಿ ಇದೆ. ಹೆಚ್ಚು ಜೋರಾಗಿ ಮೀಟಿದಾಗ ಸಂಕೇತದ ತುದಿಗಳು ಆ ಮಿತಿಯನ್ನು ಮುಟ್ಟಿ ಚಪ್ಪಟೆಯಾಗುತ್ತವೆ. ಸರಳವಾದ ಟ್ರಾನ್ಸಿಸ್ಟರ್ ಮಂಡಲದಲ್ಲಿ, ಅಂದರೆ ಸರ್ಕ್ಯೂಟಿನಲ್ಲಿ, ಇದು ಥಟ್ಟನೆ ಆಗುತ್ತದೆ. ವಾಲ್ವಿನಲ್ಲಿ ಅಂಚು ನುಣುಪಾಗಿ ಬಾಗುತ್ತಾ ಹೋಗುತ್ತದೆ. ಹೀಗೆ ಬಾಗಿದಾಗ ಮೂಲ ಸ್ವರದ ಜೊತೆಗೆ ಹೊಸ ಅನುಸ್ವರಗಳು ಹುಟ್ಟುತ್ತವೆ. ಎರಡನೆಯದು ಮೇಲಿನ ಷಡ್ಜ, ಮೂರನೆಯದು ಅದರಾಚೆಯ ಪಂಚಮ. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗಿನ ಜೀವಾಳದ ನೂಲನ್ನು ಸರಿಯಾದ ಜಾಗಕ್ಕೆ ಎಳೆದಾಗ ಒಂದೇ ತಂತಿಯೊಳಗಿಂದ ಅಂತರಗಾಂಧಾರ ಎದ್ದು ಬರುತ್ತದಲ್ಲ, ಅನುಸ್ವರಗಳ ಆ ಸಿರಿಯೇ ಇಲ್ಲಿ ವಾಲ್ವಿನಿಂದ ಬರುತ್ತದೆ. ಗಿಟಾರಿನವರು ಇದನ್ನು ಡಿಸ್ಟಾರ್ಷನ್ ಎನ್ನುತ್ತಾರೆ. ಆಂಪ್‌ಗಳನ್ನು ರೂಪಿಸಿದ ಲಿಯೋ ಫೆಂಡರ್ ಅವರಿಗೆ ಇದು ಬೇಡವಾಗಿತ್ತು. ಶುದ್ಧ ದನಿಗಾಗಿ ಅವರು ವರ್ಷಗಟ್ಟಲೆ ದುಡಿದರು. ಅವರು ತಡೆಯಲು ಹೋದದ್ದನ್ನೇ ವಾದಕರು ಬಾಚಿಕೊಂಡರು.

ಹಳೆಯದು ಮತ್ತು ಹೊಸದರ ಚರ್ಚೆಯಲ್ಲಿ ಮತ್ತೆ ಮತ್ತೆ ಬರುವ ಹೆಸರು ಫೆಂಡರ್ ಬ್ಯಾಸ್‌ಮನ್. ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಊರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಲಿಯೋ ಫೆಂಡರ್ 1952ರಲ್ಲಿ ಇದನ್ನು ಬೇಸ್ ಗಿಟಾರಿಗೆಂದೇ ಮಾಡಿದರು. ದಶಕದ ಕೊನೆಯ ಹೊತ್ತಿಗೆ ಅದು ಹತ್ತಂಗುಲದ ನಾಲ್ಕು ಸ್ಪೀಕರುಗಳ, ನಲವತ್ತು ವ್ಯಾಟ್‌ಗಿಂತ ತುಸು ಹೆಚ್ಚಿನ ಆಂಪ್ ಆಗಿ ಬೆಳೆಯಿತು. ಬೇಸಿನವರಿಗಿಂತ ಹೆಚ್ಚಾಗಿ ಗಿಟಾರಿನವರು, ಬ್ಲೂಸ್ ಹಾರ್ಮೋನಿಕಾ ನುಡಿಸುವವರು ಅದನ್ನು ತಮ್ಮದಾಗಿಸಿಕೊಂಡರು.

ಇಂಗ್ಲೆಂಡಿನಲ್ಲಿ ಆಗ ಅಮೆರಿಕದ ಆಂಪ್‌ಗಳು ತುಂಬ ದುಬಾರಿ. ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಡ್ರಮ್ ಅಂಗಡಿ ನಡೆಸುತ್ತಿದ್ದ ಜಿಮ್ ಮಾರ್ಷಲ್ ಅವರ ಬಳಿ ಬರುತ್ತಿದ್ದ ಗಿಟಾರ್ ವಾದಕರು ಅಂಥದ್ದೇ ಒಂದನ್ನು ಇಲ್ಲೇ ಮಾಡಿಕೊಡಿ ಎಂದು ದುಂಬಾಲು ಬಿದ್ದರು. ಅಂಗಡಿಯ ರಿಪೇರಿ ತಜ್ಞ ಕೆನ್ ಬ್ರಾನ್ ಮತ್ತು ಯುವಕ ಡಡ್ಲಿ ಕ್ರೇವನ್ ಬ್ಯಾಸ್‌ಮನ್ ಮಂಡಲವನ್ನೇ ಹೆಚ್ಚುಕಡಿಮೆ ಹಾಗೆಹಾಗೇ ಎತ್ತಿಕೊಂಡು, ಇಂಗ್ಲೆಂಡಿನಲ್ಲಿ ಸಿಗುವ ಬಿಡಿಭಾಗ ಹಾಕಿ, 1962ರಲ್ಲಿ ಜೆಟಿಎಂ 45 ಎಂಬ ಆಂಪ್ ಕಟ್ಟಿದರು. ಬೆನ್ನು ತೆರೆದ ಪೆಟ್ಟಿಗೆಯಲ್ಲಿ ಹತ್ತಂಗುಲದ ಜೆನ್ಸೆನ್ ಸ್ಪೀಕರುಗಳ ಬದಲು, ಮುಚ್ಚಿದ ಪೆಟ್ಟಿಗೆಯಲ್ಲಿ ಹನ್ನೆರಡಂಗುಲದ ಸೆಲೆಶನ್ ಸ್ಪೀಕರುಗಳು ಬಂದವು. ಮೊದಲನೆಯ ವಾಲ್ವ್ ಇನ್ನಷ್ಟು ವರ್ಧನೆಯ ಇಸಿಸಿ 83 ಆಯಿತು. ಟ್ರಾನ್ಸ್‌ಫಾರ್ಮರ್ ಬೇರೆಯಾಯಿತು. ನಕ್ಷೆ ಅದೇ, ದನಿ ಪೂರ್ತಿ ಬೇರೆ. ಬ್ಯಾಸ್‌ಮನ್ನಿನದು ತೆರೆದ, ಹೊಳೆಯುವ ನಾದ. ಮಾರ್ಷಲ್ಲಿನದು ಗಡುಸಾದ, ದಟ್ಟವಾದ ನಾದ. ಮುಂದಿನ ಬ್ರಿಟಿಷ್ ರಾಕ್ ಸಂಗೀತದ ಬಹುಭಾಗ ನಿಂತದ್ದು ಇದರ ಮೇಲೆ.

ಈ ಒಂದು ಉದಾಹರಣೆಯಿಂದಲೇ ನನ್ನ ಅಭಿಪ್ರಾಯ ಗಟ್ಟಿಯಾಗುತ್ತದೆ. ಆಂಪಿನ ದನಿಯನ್ನು ಮೊದಲು ತೀರ್ಮಾನಿಸುವುದು ಸ್ಪೀಕರ್ ಮತ್ತು ಪೆಟ್ಟಿಗೆ. ಅದರ ನಂತರ ಮಂಡಲ ಮತ್ತು ಟ್ರಾನ್ಸ್‌ಫಾರ್ಮರ್. ತಯಾರಾದ ವರ್ಷದ ಸರದಿ ಬರುವುದು ಇವೆಲ್ಲ ಮುಗಿದ ಮೇಲೆ.

ಆದರೆ ಹಳೆಯ ಆಂಪಿನ ಮುಂದೆ ಕುಳಿತಾಗ ಕೇಳಿಸುವ ವ್ಯತ್ಯಾಸ ಬರೀ ಭ್ರಮೆಯಲ್ಲ. ಅರವತ್ತು ವರ್ಷದಲ್ಲಿ ಬಿಡಿಭಾಗಗಳು ಬದಲಾಗಿರುತ್ತವೆ. ಸ್ಪೀಕರಿನ ಕಾಗದದ ಕೋನ್ ಅದುರಿ ಅದುರಿ ಸಡಿಲಗೊಂಡು ಅದರ ಬಿಗುವು ಇಳಿದಿರುತ್ತದೆ. ಇಂಗಾಲದ ರೆಸಿಸ್ಟರುಗಳ ಮೌಲ್ಯ ನಿಧಾನವಾಗಿ ಏರಿರುತ್ತದೆ. ವಿದ್ಯುತ್ತನ್ನು ಕೂಡಿಡುವ ಎಲೆಕ್ಟ್ರೋಲಿಟಿಕ್ ಕಂಡೆನ್ಸರುಗಳು ಒಣಗಿರುತ್ತವೆ. ಅವು ಒಣಗಿದರೆ ಮಂದ್ರ ಸ್ವರಗಳು ಮೆತ್ತಗಾಗಿ ಗುಂಯ್ ಎಂಬ ಹಮ್ ಬರುತ್ತದೆ. ಇದರಲ್ಲಿ ಕೆಲವು ಬದಲಾವಣೆ ಕಿವಿಗೆ ಹಿತ, ಕೆಲವು ಶುದ್ಧ ರೋಗ. ಜೊತೆಗೆ ಆ ಕಾಲದ ಬಿಡಿಭಾಗಗಳು ಹೊಸದಾಗಿದ್ದಾಗಲೇ ಒಂದರಂತೆ ಇನ್ನೊಂದು ಇರುತ್ತಿರಲಿಲ್ಲ. 1960ರ ದಶಕದ ಫೆಂಡರ್ ನಕ್ಷೆಗಳ ಮೇಲೆಯೇ, ಇಲ್ಲಿ ಕೊಟ್ಟ ವೋಲ್ಟೇಜು ಶೇಕಡ 20ರಷ್ಟು ಹೆಚ್ಚುಕಡಿಮೆ ಇರಬಹುದು ಎಂದು ಅಚ್ಚಾಗಿದೆ. ಹಾಗಾಗಿ ಒಂದೇ ವಾರದಲ್ಲಿ ತಯಾರಾದ ಎರಡು ಹಳೆಯ ಆಂಪ್‌ಗಳ ದನಿಯೂ ಬೇರೆ ಬೇರೆ. 'ಹಳೆಯ ಬ್ಯಾಸ್‌ಮನ್ನಿನ ನಾದ' ಎಂಬ ಒಂದೇ ಒಂದು ನಾದ ಯಾವತ್ತೂ ಇರಲಿಲ್ಲ. ಚೆನ್ನಾಗಿದ್ದವನ್ನು ಜನ ಜೋಪಾನ ಮಾಡಿದರು, ಕೆಟ್ಟವನ್ನು ಬಿಸಾಕಿದರು. ಉಳಿದದ್ದನ್ನು ಕೇಳಿ ನಾವು ಆ ಇಡೀ ಕಾಲವನ್ನು ಅಳೆಯುತ್ತೇವೆ.

ಇನ್ನೊಂದು ಗುಣ ರೆಕ್ಟಿಫೈಯರಿನದು. ಎಸಿ ವಿದ್ಯುತ್ತನ್ನು ಡಿಸಿ ಮಾಡುವ ಕೆಲಸವನ್ನೂ ಹಿಂದೆ ಒಂದು ವಾಲ್ವೇ ಮಾಡುತ್ತಿತ್ತು. ಜೋರಾಗಿ ಮೀಟಿದಾಗ ಅದು ಕ್ಷಣಕಾಲ ಸೋತು ವೋಲ್ಟೇಜು ಕುಸಿಯುತ್ತದೆ, ಮತ್ತೆ ಚೇತರಿಸಿಕೊಳ್ಳುತ್ತದೆ. ಸ್ವರದ ಮೊದಲ ಪೆಟ್ಟು ತಗ್ಗಿ, ಆಮೇಲೆ ಅರಳುತ್ತದೆ. ನುಡಿಸುವವರ ಬೆರಳಿಗೆ ಇದು ಚೆನ್ನಾಗಿ ತಿಳಿಯುತ್ತದೆ. ಸಿಲಿಕಾನ್ ಡಯೋಡ್ ಇರುವ ಆಂಪಿನಲ್ಲಿ ದನಿ ತಕ್ಷಣ, ಬಿಗಿಯಾಗಿ ಹೊಮ್ಮುತ್ತದೆ. ಇದನ್ನು ಹಳೆಯದು–ಹೊಸದು ಎಂದು ಗೆರೆ ಎಳೆಯಲು ಬಳಸುವವರಿದ್ದಾರೆ. ಅದು ತಪ್ಪು. 1963ರಿಂದ ಬಂದ ಹೆಸರಾಂತ ಟ್ವಿನ್ ರಿವರ್ಬ್ ಆಂಪಿನಲ್ಲೇ ಸಿಲಿಕಾನ್ ಡಯೋಡುಗಳಿದ್ದವು. ಇವತ್ತು ರೆಕ್ಟಿಫೈಯರ್ ವಾಲ್ವ್ ಇರುವ ಹೊಸ ಆಂಪ್‌ಗಳೂ ಸಿಗುತ್ತವೆ. ಇಂಥದ್ದೇ ಇನ್ನೊಂದು ಗೆರೆಯೂ ಇದೆ. ಫೆಂಡರ್ ಕಂಪನಿಯನ್ನು 1965ರಲ್ಲಿ ಸಿಬಿಎಸ್ ಸಂಸ್ಥೆ 1 ಕೋಟಿ 30 ಲಕ್ಷ ಡಾಲರಿಗೆ ಕೊಂಡಿತು. ಅದಕ್ಕೆ ಮೊದಲಿನದು ಚಿನ್ನ, ನಂತರದ್ದು ತಗಡು ಎಂಬ ಮಾತು ಹಬ್ಬಿತು. ಆದರೆ ಮಾರಾಟವಾದ ಮೇಲೂ ಒಂದೆರಡು ವರ್ಷ ಅದೇ ಮಂಡಲಗಳೇ ತಯಾರಾಗುತ್ತಿದ್ದವು. ಒಂದು ಸಹಿಯಿಂದ ದನಿ ಬದಲಾಗಲಿಲ್ಲ.

ನಿಜವಾದ ಬದಲಾವಣೆ ಬಂದದ್ದು ಮಾಸ್ಟರ್ ವಾಲ್ಯೂಮ್‌ನಿಂದ. ಹಳೆಯ ಆಂಪಿನಲ್ಲಿ ದನಿ ಒಡೆಯಬೇಕಾದರೆ, ಅಂದರೆ ಡಿಸ್ಟಾರ್ಷನ್ ಬರಬೇಕಾದರೆ, ಕೊನೆಯ ಹಂತದ ದೊಡ್ಡ ವಾಲ್ವ್‌ಗಳನ್ನು, ಟ್ರಾನ್ಸ್‌ಫಾರ್ಮರನ್ನು, ಸ್ಪೀಕರನ್ನು ಪೂರ್ತಿ ದುಡಿಸಬೇಕು. ಕೋಣೆ ನಡುಗುವಷ್ಟು ಜೋರು ಬೇಕು. 1970ರ ಸುಮಾರಿಗೆ ಕ್ಯಾಲಿಫೋರ್ನಿಯಾದ ರ್‍ಯಾಂಡಲ್ ಸ್ಮಿತ್ ತಮ್ಮ ಮೆಸಾ ಬೂಗಿ ಆಂಪ್‌ಗಳಲ್ಲಿ ಆರಂಭದ ಸಣ್ಣ ವಾಲ್ವ್‌ಗಳನ್ನು ಒಂದರ ಹಿಂದೊಂದು ಜೋಡಿಸಿ ಅಲ್ಲೇ ದನಿ ಒಡೆಯುವಂತೆ ಮಾಡಿದರು. ಒಟ್ಟು ಜೋರನ್ನು ಕೊನೆಯಲ್ಲಿ ತಗ್ಗಿಸಬಹುದಾಯಿತು. 1975ರಲ್ಲಿ ಮಾರ್ಷಲ್ಲರೂ ಮಾಸ್ಟರ್ ವಾಲ್ಯೂಮ್ ತಂದರು. ಹೀಗೆ ಹುಟ್ಟುವ ದನಿಯಲ್ಲಿ ಉದ್ದದ ಎಳೆತ ಹೆಚ್ಚು, ಝೇಂಕಾರ ಹೆಚ್ಚು. ಬೆರಳಿನ ಒತ್ತಡಕ್ಕೆ ತಕ್ಕಂತೆ ಬಾಗುವ ಗುಣ ತುಸು ಕಡಿಮೆ. ನನಗೆ ಹಳೆಯ ರೀತಿಯೇ ಪ್ರಿಯ. ಆದರೆ ಗೋಡೆಗೆ ಗೋಡೆ ಹತ್ತಿದ ಮನೆಗಳಲ್ಲಿ ಇರುವ ನಮ್ಮ ಹುಡುಗರಿಗೆ ನಲವತ್ತು ವ್ಯಾಟಿನ ಹಳೆಯ ಆಂಪ್ ಉಪಯೋಗಕ್ಕೆ ಬರುವುದಿಲ್ಲ. ಅವರಿಗೆ ಐದು ವ್ಯಾಟಿನ ಹೊಸ ವಾಲ್ವ್ ಆಂಪ್ ಸಾಕು, ಅದೇ ಸರಿ. ವ್ಯಾಟು ಹತ್ತು ಪಟ್ಟಾದರೆ ಕಿವಿಗೆ ಜೋರು ಸುಮಾರು ಎರಡು ಪಟ್ಟು ಮಾತ್ರ ಆಗುವುದರಿಂದ, ಐದು ವ್ಯಾಟು ಅಂದುಕೊಂಡಷ್ಟು ಸಣ್ಣದೇನಲ್ಲ.

ಜೋರಿನ ಮಾತು ಬಂದದ್ದರಿಂದ ಹೇಳುತ್ತೇನೆ. ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದಂತೆ, ದನಿ ಮೆಲ್ಲಗಿದ್ದಾಗ ನಮ್ಮ ಕಿವಿಗೆ ಮಂದ್ರ ಸ್ವರಗಳು ಕಡಿಮೆ ಕೇಳುತ್ತವೆ. ಜೋರಾದಾಗ ತುಂಬಿ ಕೇಳುತ್ತವೆ. ಎರಡು ಆಂಪ್‌ಗಳಲ್ಲಿ ಒಂದು ತುಸು ಜೋರಿದ್ದರೂ ಅದೇ ಉತ್ತಮ ಅನ್ನಿಸುತ್ತದೆ. ಅಂಗಡಿಯಲ್ಲಿ ಹೋಲಿಸುವಾಗ ಮೊದಲು ಎರಡರ ಜೋರನ್ನೂ ಒಂದೇ ಮಟ್ಟಕ್ಕೆ ತನ್ನಿ. ನಿಮ್ಮದೇ ಗಿಟಾರ್ ಒಯ್ಯಿರಿ. ಒಬ್ಬರು ನುಡಿಸಲಿ, ನೀವು ಬೆನ್ನು ತಿರುಗಿಸಿ ಕೇಳಿ. ಸಾಧ್ಯವಾದರೆ ಎರಡನ್ನೂ ಒಂದೇ ಸ್ಪೀಕರ್ ಪೆಟ್ಟಿಗೆಗೆ ಜೋಡಿಸಿ. ದೊಡ್ಡದೆಂದುಕೊಂಡಿದ್ದ ಅಂತರ ಎಷ್ಟೋ ಸಲ ಅಲ್ಲೇ ಕರಗುತ್ತದೆ.

ಹಳೆಯ ಆಂಪಿನ ಒಂದು ಹಿರಿಮೆಯನ್ನು ಮಾತ್ರ ನಾನು ಪೂರ್ತಿ ಒಪ್ಪುತ್ತೇನೆ: ಅದನ್ನು ರಿಪೇರಿ ಮಾಡಬಹುದು. ಫುಲ್ಲರ್ಟನ್ ಕಾರ್ಖಾನೆಯಲ್ಲಿ ಕೆಲಸಗಾರ್ತಿಯರು ಗಟ್ಟಿ ಹಲಗೆಯ ಮೇಲೆ ಒಂದೊಂದೇ ಬಿಡಿಭಾಗವನ್ನು ಕೈಯಿಂದ ಬೆಸುಗೆ ಹಾಕಿ, ತಮ್ಮ ಹೆಸರು ಬರೆದ ಟೇಪಿನ ತುಂಡನ್ನು ಒಳಗೆ ಅಂಟಿಸುತ್ತಿದ್ದರು. ಹಾಗೆ ಕಟ್ಟಿದ ಆಂಪಿನಲ್ಲಿ ಯಾವ ಭಾಗ ಕೆಟ್ಟರೂ ಅದೊಂದನ್ನೇ ಬದಲಿಸಬಹುದು. ಇಂದಿನ ಅನೇಕ ಆಂಪ್‌ಗಳಲ್ಲಿ ವಾಲ್ವಿನ ಸಾಕೆಟ್ ಕೂಡ ಪ್ರಿಂಟೆಡ್ ಬೋರ್ಡಿನ ಮೇಲೆಯೇ ಕೂತಿರುತ್ತದೆ. ಕಾವಿಗೆ ವರ್ಷಗಳ ನಂತರ ಅದರ ಬೆಸುಗೆ ಬಿರುಕು ಬಿಡುತ್ತದೆ. ಬೋರ್ಡಿನಿಂದ ದನಿ ಕೆಡುವುದಿಲ್ಲ, ಆಯುಷ್ಯ ಕಡಿಮೆಯಾಗುತ್ತದೆ. ವಾಲ್ವ್‌ಗಳ ವಿಷಯದಲ್ಲೂ ಎಚ್ಚರ ಬೇಕು. ಇಂದು ಗಿಟಾರ್ ವಾಲ್ವ್‌ಗಳು ಬರುವುದು ಮುಖ್ಯವಾಗಿ ರಷ್ಯಾ, ಸ್ಲೊವಾಕಿಯಾ, ಚೀನಾ ದೇಶಗಳ ಕೆಲವೇ ಕಾರ್ಖಾನೆಗಳಿಂದ. 2022ರ ಮಾರ್ಚ್‌ನಲ್ಲಿ ರಷ್ಯಾದ ರಫ್ತು ನಿಂತಾಗ ಜಗತ್ತಿನೆಲ್ಲೆಡೆ ವಾದಕರು ಗಾಬರಿಗೊಂಡರು.

ಅಮೆರಿಕದಿಂದ ಯಾರಾದರೂ ನಿಮಗೆ ಹಳೆಯ ಆಂಪ್ ತಂದುಕೊಟ್ಟರೆ ನಮ್ಮ 230 ವೋಲ್ಟಿನ ಪ್ಲಗ್ಗಿಗೆ ನೇರವಾಗಿ ಸಿಕ್ಕಿಸಬೇಡಿ. ಅದಕ್ಕೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಎರಡೇ ಪಿನ್ನಿನ ಹಳೆಯ ವಯರಿದ್ದರೆ ಅರ್ಥಿಂಗ್ ಇರುವ ಮೂರು ಪಿನ್ನಿಗೆ ಬದಲಿಸಿ. ವರ್ಷಗಟ್ಟಲೆ ಮೂಲೆಯಲ್ಲಿದ್ದ ಆಂಪನ್ನು ಒಮ್ಮೆಲೇ ಆನ್ ಮಾಡಬೇಡಿ. ಸ್ವಿಚ್ ಆರಿಸಿದ ಮೇಲೂ ಕಂಡೆನ್ಸರಿನೊಳಗೆ 400 ವೋಲ್ಟಿನಷ್ಟು ವಿದ್ಯುತ್ ಉಳಿದಿರಬಹುದು, ಅದು ಜೀವ ತೆಗೆಯುತ್ತದೆ. ನಮ್ಮ ಊರುಗಳಲ್ಲಿ ವಾಲ್ವ್ ರೇಡಿಯೋ ರಿಪೇರಿ ಬಲ್ಲ ಹಿರಿಯರು ಇನ್ನೂ ಇದ್ದಾರೆ. ಆಂಪನ್ನು ಅವರ ಬಳಿ ಒಯ್ಯಿರಿ, ಜೊತೆಯಲ್ಲಿ ಕೂತು ಅವರ ಕೆಲಸ ನೋಡಿ ಕಲಿಯಿರಿ.